ಒತ್ತಾಯದೊಳಗಿನ ಒಪ್ಪಿಗೆ

ಧೈರ್ಯವನ್ನು ಅಪ್ಪಣೆಯಿಂದ ಬರಿಸಬಹುದೆ? ನಡೆ ಎಂದರೆ ನಡೆಯುವ, ನಿಲ್ಲೆಂದರೆ ನಿಲ್ಲುವ ಕಾಲುಗಳನ್ನು ಒಂದು ಸರಕಾರ ಕಾನೂನು ಮಾಡಿ ಸಂಪಾದಿಸಿಕೊಳ್ಳಬಹುದು. ತಲೆಗೂದಲನ್ನು ಕತ್ತರಿಸಬಹುದು, ಬೂಟಿನಲ್ಲಿ ಮುಖ ಕಾಣುವ ಹಾಗೆ ಹೊಳಪು ಕೊಡಿಸಬಹುದು. ಆದರೆ ನೆಲದಿಂದ ಎಂಟುನೂರು ಅಡಿ ಮೇಲೆ, ತೆರೆದ ಬಾಗಿಲಿನ ಆಚೆಗೆ, ಬರಿಯ ಗಾಳಿಯೊಳಕ್ಕೆ ಒಂದು ಹೆಜ್ಜೆ ಇಡುವ ಮನಸ್ಸನ್ನು ಕಾನೂನಿನಿಂದ ತರಿಸಿಕೊಳ್ಳಲಾದೀತೆ?

ಇದು ಪಂಡಿತರ ಕಾಲಹರಣದ ಪ್ರಶ್ನೆಯಲ್ಲ. ಮದುವೆಯ ಮನೆಯಲ್ಲಿ ಎಲೆ ಹಾಕುವುದನ್ನು ಕಾಯುತ್ತ ಕುಳಿತಾಗ, ರೈಲಿನಲ್ಲಿ ಎದುರುಬದುರಾದ ಹಿರಿಯರ ಮಾತಿನಲ್ಲಿ, ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ, ಒಂದು ಮಾತು ನನ್ನ ಕಿವಿಗೆ ಮತ್ತೆ ಮತ್ತೆ ಬಿದ್ದಿದೆ: “ಈಗಿನ ಹುಡುಗರನ್ನು ಎರಡು ವರ್ಷ ಕಡ್ಡಾಯವಾಗಿ ಸೈನ್ಯಕ್ಕೆ ಹಾಕಬೇಕು, ನೋಡಿ, ತಾವಾಗಿ ದಾರಿಗೆ ಬರುತ್ತಾರೆ.” ಹೀಗೆ ಹೇಳುವವರು ಬಹುಮಟ್ಟಿಗೆ ಐವತ್ತು ದಾಟಿದವರು, ಕಾನೂನು ನಾಳೆಯೇ ಬಂದರೂ ಅವರ ಬೆಳಗಿನ ಕಾಫಿಗೆ ಯಾವ ಭಂಗವೂ ಇಲ್ಲ. ಇದೇ ಮಾತು ಒಮ್ಮೆ ತರಗತಿಯಲ್ಲಿ ಬಂದಾಗ ಹುಡುಗನೊಬ್ಬ ಎದ್ದು ಕೇಳಿದ: “ಸಾರ್, ಬಲವಂತದಿಂದ ಬಂದದ್ದು ಗುಣ ಹೇಗಾಗುತ್ತದೆ?” ಕೇಳಬೇಕಾದ ಪ್ರಶ್ನೆಯನ್ನೇ ಅವನು ಕೇಳಿದ್ದ. ಅದಕ್ಕೆ ಒಂದು ವಾಕ್ಯದ ಉತ್ತರವಿಲ್ಲ. ಆದುದರಿಂದಲೇ ಈ ಲೇಖನ.

ಇಂಥ ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ನಿಜವಾಗಿ ನಡೆದ ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ನೋಡುವುದು ಲೇಸು. ನನಗೆ ತೋರುವ ಅತ್ಯುತ್ತಮ ನಿದರ್ಶನ ಇಂಗ್ಲೆಂಡಿನದು. ಎರಡನೆಯ ಮಹಾಯುದ್ಧ ಮುಗಿದ ಮೇಲೂ ಆ ದೇಶ ಕಡ್ಡಾಯ ಸೈನಿಕ ಸೇವೆಯನ್ನು ಬಿಡಲಿಲ್ಲ. 1948ರ ಕಾನೂನು 1949ರ ಜನವರಿ 1ರಿಂದ ಜಾರಿಗೆ ಬಂತು. ಹದಿನೆಂಟು ತುಂಬಿದ ಹುಡುಗ, ದೇಹದಲ್ಲಿ ಊನವಿಲ್ಲದಿದ್ದರೆ, ಹದಿನೆಂಟು ತಿಂಗಳು ಸಮವಸ್ತ್ರ ತೊಡಬೇಕು. 1950ರಲ್ಲಿ ಕೊರಿಯದ ಯುದ್ಧ ಹತ್ತಿಕೊಂಡಾಗ ಆ ಅವಧಿ ಎರಡು ವರ್ಷಕ್ಕೆ ಬೆಳೆಯಿತು. 1960ರ ಕೊನೆಯಲ್ಲಿ ಕರೆ ಕಳಿಸುವುದು ನಿಂತಿತು. ಕಟ್ಟಕಡೆಯ ಕಡ್ಡಾಯ ಸಿಪಾಯಿ 1963ರಲ್ಲಿ ಮನೆಗೆ ಹಿಂತಿರುಗಿದ. ಅಷ್ಟರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಯುವಕರು ಈ ಬಾಗಿಲಿನಿಂದ ಒಳಹೊಕ್ಕು ಆ ಬಾಗಿಲಿನಿಂದ ಹೊರಬಂದಿದ್ದರು. ಗುಮಾಸ್ತ, ಕಟುಕನ ಮಗ, ಕವಿಯಾಗಬೇಕೆಂದಿದ್ದವನು, ಏನೂ ಆಗಬೇಕೆಂದಿಲ್ಲದವನು, ಎಲ್ಲರೂ ಅದರಲ್ಲಿದ್ದರು. ಹೆಚ್ಚಿನವರು ದಿನ ಎಣಿಸುತ್ತಿದ್ದರು.

ಈ ದಿನ ಎಣಿಸುವವರ ನಡುವೆ ಒಂದು ವಿಚಿತ್ರ ನಡೆಯುತ್ತಿತ್ತು. ಪ್ಯಾರಾಚೂಟ್ ರೆಜಿಮೆಂಟಿಗೆ ಯಾರನ್ನೂ ಬಲವಂತವಾಗಿ ಹಾಕುತ್ತಿರಲಿಲ್ಲ. ಸೈನ್ಯಕ್ಕೆ ಬರುವುದು ಕಡ್ಡಾಯ. ಆಕಾಶದಿಂದ ಧುಮುಕುವುದು ಮಾತ್ರ ಸ್ವಂತ ಇಚ್ಛೆ. ಹೀಗಿದ್ದರೂ ಕಡ್ಡಾಯದಿಂದ ಬಂದ ಹುಡುಗರಲ್ಲಿ ಕೆಲವರು ಮುಂದೆ ಬಂದು, ನಾನು ಧುಮುಕುತ್ತೇನೆ ಎಂದು ಹೆಸರು ಕೊಡುತ್ತಿದ್ದರು. ತನ್ನ ಇಚ್ಛೆಯಿಲ್ಲದೆ ಬಂದವನು, ಬಂದ ಜಾಗದಲ್ಲಿ ತನ್ನ ಇಚ್ಛೆಯಿಂದ ಇನ್ನೂ ಕಷ್ಟವಾದುದನ್ನು ಕೇಳಿ ಪಡೆಯುವುದೆಂದರೇನು? ನಮ್ಮ ಪ್ರಶ್ನೆಯ ಬೇರು ಇಲ್ಲಿದೆ.

ಹೆಸರು ಕೊಟ್ಟ ಮಾತ್ರಕ್ಕೆ ಪ್ಯಾರಾಚೂಟು ಸಿಕ್ಕುತ್ತಿರಲಿಲ್ಲ. ಆಲ್ಡರ್‌ಷಾಟ್ ಎಂಬ ದಂಡಿನ ಊರಿನಲ್ಲಿ ‘ಪಿ ಕಂಪೆನಿ’ ಎಂಬೊಂದು ಪರೀಕ್ಷೆಯನ್ನು ಮೊದಲು ಗೆಲ್ಲಬೇಕಾಗಿತ್ತು. ಆ ಪರೀಕ್ಷೆ ಇಂದಿಗೂ ಇದೆ. ಊರು ಬದಲಾಗಿದೆ, ಅಳತೆಗಳು ಸ್ವಲ್ಪ ಬದಲಾಗಿವೆ, ಸ್ವಭಾವ ಬದಲಾಗಿಲ್ಲ. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಬೆನ್ನಿಗೆ 35 ಪೌಂಡಿನ ಹೊರೆ, ಕೈಯಲ್ಲಿ ಬಂದೂಕು, ಗುಡ್ಡದ ಹಾದಿಯಲ್ಲಿ ಹತ್ತು ಮೈಲಿ, 1 ಗಂಟೆ 50 ನಿಮಿಷದೊಳಗೆ. ಎಂಟು ಜನ ಸೇರಿ 60 ಕಿಲೋ ತೂಗುವ ಮರದ ದಿಮ್ಮಿಯನ್ನು ಹಗ್ಗ ಹಿಡಿದು ಎಳೆಯುತ್ತ ಸುಮಾರು ಮೂರು ಕಿಲೋಮೀಟರು ಓಡಬೇಕು. ಮತ್ತೊಂದು ಪರೀಕ್ಷೆಯಲ್ಲಿ, ಎತ್ತರ ತೂಕದಲ್ಲಿ ಸಮನಾದ ಇಬ್ಬರಿಗೆ ಕೈಗವಸು ತೊಡಿಸಿ ಒಂದು ನಿಮಿಷ ಎದುರುಬದುರು ನಿಲ್ಲಿಸುತ್ತಾರೆ. ತಪ್ಪಿಸಿಕೊಳ್ಳುವುದಕ್ಕೆ ಅಲ್ಲಿ ಬೆಲೆಯಿಲ್ಲ; ಏಟು ಬೀಳುತ್ತಿದ್ದರೂ ಹಿಂದೆಗೆಯದೆ ಮುಂದೆ ನುಗ್ಗುತ್ತಿರಬೇಕು. ಗೆದ್ದವನಾರು ಎಂಬುದು ಮುಖ್ಯವಲ್ಲ. ಮುಖ ತಿರುಗಿಸಿದವನಾರು ಎಂಬುದು ಮುಖ್ಯ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಉಕ್ಕಿನ ಕೊಳವೆಗಳಿಂದ ಕಟ್ಟಿದ ಒಂದು ಅಟ್ಟಣೆ. ಅದರ ಮೇಲ್ತುದಿ ಐವತ್ತೈದು ಅಡಿ. ಅಲ್ಲಿ ಎರಡು ಸಮಾನಾಂತರ ಕೊಳವೆಗಳು. ಒಂದೊಂದರ ಮೇಲೆ ಒಂದೊಂದು ಪಾದವಿಟ್ಟು, ಹಿಡಿಯಲು ಏನೂ ಇಲ್ಲದೆ, ಸರಿಯುತ್ತ ಹೋಗಬೇಕು. ನಡುವೆ ನಿಂತು ಬಾಗಿ ಕಾಲ್ಬೆರಳು ಮುಟ್ಟಿ ಮತ್ತೆ ನೆಟ್ಟಗಾಗಬೇಕು. ನೆಲದ ಮೇಲೆ ಗೆರೆ ಎಳೆದು ಕೊಟ್ಟರೆ ಆರು ವರ್ಷದ ಮಗು ಮಾಡಿಬಿಡುವ ಕೆಲಸ. ಇದಕ್ಕೆ ಅಂಕಗಳಿಲ್ಲ, ಆಯಿತು ಅಥವಾ ಇಲ್ಲ, ಎರಡೇ ಮಾತು. ಕಾಲಿನ ಶಕ್ತಿಗೆ ಇಲ್ಲಿ ಕೆಲಸವಿಲ್ಲ. ಬೇಡವೆಂದು ಮೈಯೆಲ್ಲ ಕೂಗುತ್ತಿರುವಾಗ ಮನಸ್ಸು ಮೈಗೆ ಹೇಳಿದ ಮಾತು ನಡೆಯುತ್ತದೆಯೋ ಇಲ್ಲವೋ ಎಂಬುದಷ್ಟೇ ಪರೀಕ್ಷೆ.

ಇದನ್ನು ಗೆದ್ದವರನ್ನು 1950ರ ದಶಕದಲ್ಲಿ ಆಬಿಂಗ್‌ಡನ್ನಿನ ವಾಯುಪಡೆಯ ಶಾಲೆಗೆ ಕಳಿಸುತ್ತಿದ್ದರು. ಜ್ಞಾನ ಭಯವನ್ನು ಓಡಿಸುತ್ತದೆ ಎಂಬುದು ಆ ಶಾಲೆಯ ಧ್ಯೇಯವಾಕ್ಯ. ಬೀಳುವುದು ಹೇಗೆ, ಉರುಳುವುದು ಹೇಗೆ, ಹಗ್ಗ ಸಿಕ್ಕುಹಾಕಿಕೊಂಡರೆ ಏನು ಮಾಡಬೇಕು ಎಂಬುದನ್ನೆಲ್ಲ ಕಲಿಸಿ, ಕೊನೆಗೆ ಎಂಟು ಸಲ ಧುಮುಕಿಸುತ್ತಿದ್ದರು. ಮೊದಲಿನ ಜಿಗಿತ ವಿಮಾನದಿಂದಲ್ಲ. ಉಕ್ಕಿನ ತಂತಿಗೆ ಕಟ್ಟಿದ ಬಲೂನಿನಿಂದ. ಬಲೂನಿನ ಕೆಳಗೆ ಒಂದು ತೊಟ್ಟಿಲು. ಅದರಲ್ಲಿ ನಾಲ್ಕಾರು ಹುಡುಗರು, ಒಬ್ಬ ಶಿಕ್ಷಕ. ಎಂಜಿನ್ನಿನ ಸದ್ದಿಲ್ಲ, ನುಗ್ಗುವ ಗಾಳಿಯಿಲ್ಲ. ಎಂಟುನೂರು ಅಡಿಯ ಮೇಲೆ ಬಲೂನು ಮೆಲ್ಲಗೆ ತೂಗಾಡುತ್ತ ನಿಲ್ಲುತ್ತದೆ. ಕೆಳಗೆ ದನ ಮೇಯುವುದು ಕಾಣುತ್ತದೆ, ಯಾರೋ ಸೈಕಲ್ ಹೊಡೆದುಕೊಂಡು ಹೋಗುವುದು ಕಾಣುತ್ತದೆ. ವಿಮಾನದಲ್ಲಾದರೆ ಗದ್ದಲವೇ ನೂಕಿಬಿಡುತ್ತದೆ. ಮುಂದಿನವನು ಹೋದ, ಹಿಂದಿನವನು ತಳ್ಳಿದ, ನಾನೂ ಹೋದೆ ಎನ್ನಬಹುದು. ಬಲೂನಿನಲ್ಲಿ ಮನುಷ್ಯ ತನ್ನ ಭಯದೊಡನೆ ಒಬ್ಬನೇ. ಆದುದರಿಂದಲೇ, ಅನೇಕ ಸಲ ಧುಮುಕಿದ ಹಳಬರೂ ವಿಮಾನಕ್ಕಿಂತ ಬಲೂನಿಗೆ ಹೆಚ್ಚು ಹೆದರುತ್ತಿದ್ದರು.

ಈಗ ನಮ್ಮ ಚರ್ಚೆಗೆ ಬೇಕಾದ ಅತಿ ಮುಖ್ಯ ಸಂಗತಿಗೆ ಬರುತ್ತೇನೆ. ಆ ತೊಟ್ಟಿಲ ಬಾಗಿಲಲ್ಲಿ ನಿಂತು, ನನ್ನಿಂದಾಗದು ಎನ್ನುವ ಹಕ್ಕು ಹುಡುಗನಿಗಿತ್ತು. ತರಬೇತಿಯ ಕಾಲದಲ್ಲಿ ಹಾಗೆ ಹೇಳಿದವನಿಗೆ ಸೈನ್ಯದ ನ್ಯಾಯಾಲಯವಿಲ್ಲ, ಸೆರೆಯಿಲ್ಲ. ಬಲೂನನ್ನು ಇಳಿಸಿ, ಅವನನ್ನು ತಡಮಾಡದೆ ಅವನ ಹಳೆಯ ದಳಕ್ಕೆ ಕಳಿಸಿಬಿಡುತ್ತಿದ್ದರು, ಅಷ್ಟೆ. ಆದರೆ ಎಂಟು ಜಿಗಿತ ಮುಗಿದು, ತೋಳಿನ ಮೇಲೆ ರೆಕ್ಕೆಯ ಚಿಹ್ನೆ ಬಂದ ಮೇಲೆ ಮಾತು ಬೇರೆ. ಅಲ್ಲಿಂದಾಚೆಗೆ ಧುಮುಕೆಂಬ ಅಪ್ಪಣೆಯನ್ನು ಮೀರುವುದು ದಂಡನೆಗೆ ಅರ್ಹವಾದ ಅಪರಾಧ. ಅಂದರೆ, ಕಡ್ಡಾಯದ ಒಂದು ದೊಡ್ಡ ಬಯಲಿನ ನಡುವೆ ಸ್ವಾತಂತ್ರ್ಯದ ಒಂದು ಸಣ್ಣ ಕೋಣೆ. ಆ ಕೋಣೆಯೊಳಗೆ ಹೌದು ಎಂದವನಿಗೆ ಅದರಾಚೆ ಮತ್ತೊಂದು ಕಡ್ಡಾಯ. ಮೊದಲಿನದು ಪಾರ್ಲಿಮೆಂಟು ಹೇರಿದ್ದು. ಎರಡನೆಯದನ್ನು ಅವನೇ ತನ್ನ ಮೇಲೆ ಹೇರಿಕೊಂಡದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಗೆಯ ಸಂಕೋಲೆ. ಒಳಗಿನಿಂದ ನೋಡಿದರೆ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದನ್ನು ಸುಮ್ಮನೆ ತಳ್ಳಿಬಿಡಲಾಗದು. ಹುಡುಗ ಏಕೆ ಹೆಸರು ಕೊಟ್ಟ? ಎರಡು ವರ್ಷ ಉಗ್ರಾಣದಲ್ಲಿ ಕಂಬಳಿ ಎಣಿಸುವ ಬೇಸರಕ್ಕೆ. ಪ್ಯಾರಾಚೂಟಿನವರಿಗೆ ಕೊಡುವ ಹೆಚ್ಚಿನ ಸಂಬಳಕ್ಕೆ. ಆ ಕೆಂಪು ಟೋಪಿಗೆ, ಅದನ್ನು ನೋಡಿ ಹುಡುಗಿಯರು ತಿರುಗುವುದಕ್ಕೆ. ಮನೆಯ ಅಣ್ಣನಿಗೊ ಬೀದಿಯ ಗೆಳೆಯನಿಗೊ ತಾನೇನೆಂದು ತೋರಿಸುವುದಕ್ಕೆ. ಇದರಲ್ಲಿ ಇಚ್ಛಾಸ್ವಾತಂತ್ರ್ಯವೆಲ್ಲಿ ಬಂತು? ಸೆರೆಮನೆಯವನಿಗೆ ಎರಡು ಕೋಣೆ ತೋರಿಸಿ ಒಂದನ್ನು ಆರಿಸಿಕೊ ಎಂದರೆ ಅದು ಆಯ್ಕೆಯೆ?

ಗ್ರೀಸಿನ ಅರಿಸ್ಟಾಟಲನು ಇಂಥ ಕರ್ಮಗಳನ್ನು ಬಹಳ ಹಿಂದೆಯೇ ವಿಚಾರಿಸಿದ್ದಾನೆ. ಬಿರುಗಾಳಿಯಲ್ಲಿ ಸಿಕ್ಕ ಹಡಗಿನವನು ಸರಕನ್ನು ಸಮುದ್ರಕ್ಕೆ ಎಸೆಯುತ್ತಾನೆ. ಎಸೆಯಬೇಕೆಂಬ ಆಸೆ ಅವನಿಗಿಲ್ಲ. ಎಸೆದ ಕೈ ಮಾತ್ರ ಅವನದೇ. ಇಂಥದನ್ನು ಆತ ಮಿಶ್ರಕರ್ಮವೆಂದು ಎಣಿಸಿ, ಮಾಡುವ ಗಳಿಗೆಯಲ್ಲಿ ಆರಿಸಿ ಮಾಡಿದ್ದರಿಂದ ಅದು ಸ್ವೇಚ್ಛೆಯ ಕಡೆಗೇ ಹೆಚ್ಚು ಸೇರುತ್ತದೆ ಎನ್ನುತ್ತಾನೆ. ಆತನೇ ಇನ್ನೊಂದು ಮಾತನ್ನೂ ಹೇಳಿದ್ದಾನೆ: ಸೇನಾಪತಿಯ ಬೆದರಿಕೆಗೆ ಅಂಜಿ ಯುದ್ಧದಲ್ಲಿ ನಿಂತವನ ಧೈರ್ಯ, ಮರ್ಯಾದೆಗೆ ಅಂಜಿ ನಿಂತವನ ಧೈರ್ಯಕ್ಕಿಂತ ಕೆಳಮಟ್ಟದ್ದು. ಎರಡನ್ನೂ ಸೇರಿಸಿ ನೋಡಿದರೆ ನಮಗೆ ಒಂದು ಅಳತೆಗೋಲು ಸಿಕ್ಕುತ್ತದೆ. ಸಂದರ್ಭವನ್ನು ಆರಿಸಿಕೊಂಡವರು ನಮ್ಮಲ್ಲಿ ಯಾರೂ ಇಲ್ಲ. ಹುಟ್ಟಿದ ಮನೆ, ತಾಯಿಯ ನುಡಿ, ಮೈಯ ಬಣ್ಣ, ಕಾಲ, ಯಾವುದನ್ನೂ ನಮ್ಮನ್ನು ಕೇಳಿ ಕೊಟ್ಟಿಲ್ಲ. ಬಿರುಗಾಳಿ ನಮ್ಮದಲ್ಲ, ಅದರೊಳಗೆ ಕೈ ಮಾಡುವ ಕೆಲಸ ನಮ್ಮದು. ಒತ್ತಾಯವೇ ಇಲ್ಲದ ಕಡೆ ಮಾತ್ರ ಸ್ವಾತಂತ್ರ್ಯವೆಂದು ಹಟ ಹಿಡಿದರೆ, ಭೂಮಿಯ ಮೇಲೆ ಅದಕ್ಕೆ ಒಂದು ಚದರಡಿ ಜಾಗವೂ ಸಿಕ್ಕಲಾರದು.

ನನ್ನ ಕಸುಬಿನಿಂದ ಒಂದು ಉದಾಹರಣೆ ಕೊಡಬಹುದು. ನನ್ನ ಮುಂದೆ ಕೂರುವ ಹುಡುಗರಲ್ಲಿ ಹೆಚ್ಚಿನವರು ಕನ್ನಡವನ್ನು ಆರಿಸಿ ಬಂದವರಲ್ಲ. ಭಾಷೆಯ ಪತ್ರಿಕೆಯೊಂದು ಇರಲೇಬೇಕೆಂದು ಬಂದವರು. ಹಾಜರಿಯ ಪುಸ್ತಕ ಅವರನ್ನು ಬೆಂಚಿನವರೆಗೆ ತರುತ್ತದೆ. ಅಲ್ಲಿಂದ ಮುಂದೆ ತರಲು ಯಾವ ಪುಸ್ತಕಕ್ಕೂ ಬಲವಿಲ್ಲ. ಆದರೂ ವರ್ಷಕ್ಕೊಬ್ಬಿಬ್ಬರು, ಪಠ್ಯದ ಭಾಗ ಮುಗಿದ ಮೇಲೆ ಉಳಿದ ಪಂಪಭಾರತವೆಲ್ಲಿ ಸಿಕ್ಕುತ್ತದೆ ಎಂದು ಕೇಳಿಕೊಂಡು ಬರುತ್ತಾರೆ. ಅವರು ಬಂದದ್ದು ಒತ್ತಾಯದಿಂದಲೇ, ಕೇಳಿದ್ದು ಒತ್ತಾಯದಿಂದಲ್ಲ. ಒತ್ತಾಯವು ಅವಕಾಶವನ್ನು ಒದಗಿಸಿರಬಹುದು, ಒಲವನ್ನು ಒದಗಿಸಲಿಲ್ಲ. ಕಡ್ಡಾಯದ ಪಕ್ಷದವರು ಈ ಎರಡನ್ನು ಒಂದೇ ಎಂದು ತಿಳಿಯುತ್ತಾರೆ. ಕಡ್ಡಾಯದ ವೈರಿಗಳು ಮೊದಲನೆಯದಿದ್ದ ಕಡೆ ಎರಡನೆಯದು ಹುಟ್ಟಲಾರದೆಂದು ತಿಳಿಯುತ್ತಾರೆ. ಎರಡು ಕಡೆಯವರೂ ಮನುಷ್ಯನನ್ನು ಸರಿಯಾಗಿ ನೋಡಿಲ್ಲವೆಂದೇ ನನ್ನ ಎಣಿಕೆ.

ಹಳಗನ್ನಡ ಓದಿದವರಿಗೆ ಈ ವಿವೇಚನೆ ಹೊಸದಲ್ಲ. ನಮ್ಮ ಕಾವ್ಯಗಳೂ ಶಾಸನಗಳೂ ಯೋಧನ ಎರಡು ಬಗೆಯ ಬಂಧನವನ್ನು ಹೇಳುತ್ತವೆ. ಒಂದು ಜೋಳವಾಳಿ: ಒಡೆಯನ ಅನ್ನ ಉಂಡಿದ್ದೇನೆ, ಆ ಋಣ ತೀರಿಸಬೇಕು. ಇನ್ನೊಂದು ವೇಳೆವಾಳಿ: ಈ ಹೊತ್ತು ಬಂದಾಗ ಪ್ರಾಣ ಕೊಡುತ್ತೇನೆಂದು ತಾನಾಗಿ ತೊಟ್ಟ ವ್ರತ. ಮೊದಲನೆಯದು ಸ್ಥಿತಿಯಿಂದ ಬಂದ ಕಟ್ಟು. ಎರಡನೆಯದು ಮಾತಿನಿಂದ ಬಂದ ಕಟ್ಟು. 1220ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ತೀರಿಕೊಂಡಾಗ, ಗರುಡವ್ರತ ತೊಟ್ಟಿದ್ದ ಅವನ ದಂಡನಾಯಕ ಕುವರ ಲಕ್ಷ್ಮ ಕೂಡ ಹೆಂಡತಿ ಮತ್ತು ಜೊತೆಯ ವೀರರೊಡನೆ ಪ್ರಾಣ ಬಿಟ್ಟ. ಅದನ್ನು ಹೇಳುವ ಕಂಬ ಹಳೇಬೀಡಿನಲ್ಲಿ ಇಂದೂ ನಿಂತಿದೆ. ಅದರ ಮುಂದೆ ನಿಂತಾಗ ಮೈ ನವಿರೇಳುತ್ತದೆ. ಅದೇ ಗಳಿಗೆಯಲ್ಲಿ ಮನಸ್ಸು ಮಂಕಾಗುತ್ತದೆ. ಅಷ್ಟು ಜನರಲ್ಲಿ ಎಷ್ಟು ಜನ ನಿಜವಾಗಿ ವ್ರತ ತೊಟ್ಟರು, ಎಷ್ಟು ಜನ ಪಕ್ಕದವನು ತೊಟ್ಟನೆಂದು ತೊಟ್ಟರು ಎಂಬುದನ್ನು ಕಲ್ಲು ಹೇಳುವುದಿಲ್ಲ. ಬೇಡ ಎನ್ನಲು ಅವರಿಗೆ ಒಂದು ಗಳಿಗೆಯಾದರೂ ಸಿಕ್ಕಿತ್ತೆ? ಸಿಕ್ಕಿದ್ದರೆ ಅದು ವ್ರತ. ಇಲ್ಲದಿದ್ದರೆ ವ್ರತದ ವೇಷ ಹಾಕಿದ ಜೋಳವಾಳಿ.

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕೃಷ್ಣನು ಅರ್ಜುನನಿಗೆ, ನೀನು ಯುದ್ಧ ಮಾಡುವುದಿಲ್ಲವೆಂದರೂ ನಿನ್ನ ಸ್ವಭಾವವೇ ನಿನ್ನನ್ನು ಹೂಡುತ್ತದೆ ಎನ್ನುತ್ತಾನೆ. ಅದಾದ ನಾಲ್ಕೇ ಶ್ಲೋಕಗಳಲ್ಲಿ, ಇದನ್ನೆಲ್ಲ ಚೆನ್ನಾಗಿ ವಿಮರ್ಶಿಸಿ ನಿನಗೆ ತೋರಿದ ಹಾಗೆ ಮಾಡು ಎನ್ನುತ್ತಾನೆ. ಈ ಎರಡು ಮಾತು ಒಂದರ ಪಕ್ಕದಲ್ಲಿ ಒಂದು ಹೇಗೆ ಕೂತವು ಎಂದು ಪಂಡಿತರು ಬಹುಕಾಲ ಜಗಳವಾಡಿದ್ದಾರೆ. ನನಗಾದರೋ ಅವು ಅಲ್ಲಿ ಅಕ್ಕಪಕ್ಕದಲ್ಲಿರುವುದೇ ದೊಡ್ಡದಾಗಿ ಕಾಣುತ್ತದೆ. ಎಲ್ಲ ಕಡೆಯಿಂದ ಕಟ್ಟಿ ನಿಲ್ಲಿಸಿದವನಿಗೂ, ಕೊನೆಯ ಗಳಿಗೆಯಲ್ಲಿ, ನೀನು ಏನು ಹೇಳುತ್ತೀ ಎಂದು ಕೇಳುವುದಿದೆಯಲ್ಲ, ಆ ಕೇಳುವಿಕೆಯೇ ಗೌರವ. ಬಲೂನಿನ ಬಾಗಿಲಲ್ಲಿ ಹುಡುಗನಿಗೆ ಸಿಕ್ಕ ಗೌರವವೂ ಇದೇ.

ಎರಡನೆಯ ಆಕ್ಷೇಪ ಇದಕ್ಕಿಂತ ಕಠಿಣವಾದುದು. ಹುಡುಗ ಧೈರ್ಯವಂತನೇ ಆದ, ಇರಲಿ. ಆ ಧೈರ್ಯ ಯಾರ ಕೈಗೆ ಹೋಯಿತು? 1956ರ ನವೆಂಬರ್ 5ರ ಬೆಳಿಗ್ಗೆ ಬ್ರಿಟನ್ನಿನ ಪ್ಯಾರಾಚೂಟ್ ರೆಜಿಮೆಂಟಿನ ಮೂರನೆಯ ದಳದ ಆರುನೂರಕ್ಕೂ ಹೆಚ್ಚು ಮಂದಿ ಈಜಿಪ್ಟಿನ ಪೋರ್ಟ್ ಸಯೀದ್ ಬಳಿ ಗಮಿಲ್ ವಿಮಾನ ನಿಲ್ದಾಣದ ಮೇಲೆ ಇಳಿದರು. ಅವರಲ್ಲಿ ಕಡ್ಡಾಯ ಸೇವೆಯ ಹುಡುಗರೂ ಇದ್ದರು. ಸೂಯೆಜ್ ಕಾಲುವೆಯನ್ನು ನಾಸೆರ್ ರಾಷ್ಟ್ರೀಕರಣ ಮಾಡಿದ್ದಕ್ಕೆ ನಡೆದ ದಂಡಯಾತ್ರೆ ಅದು. ಮರುದಿನ ನಡುರಾತ್ರಿಗೆ ಯುದ್ಧ ನಿಂತಿತು. ಲೋಕದ ಒತ್ತಡಕ್ಕೆ ಮಣಿದು ಪಡೆ ಹಿಂತಿರುಗಿತು. ಮುಂದಿನ ಜನವರಿಯಲ್ಲಿ ಪ್ರಧಾನಿ ಈಡನ್ ಅಧಿಕಾರ ಬಿಟ್ಟರು. ನಮ್ಮ ನೆಹರೂ ಸೇರಿದಂತೆ ಜಗತ್ತಿನ ಬಹುಮಂದಿ ಅದನ್ನು ಅನ್ಯಾಯವೆಂದೇ ಖಂಡಿಸಿದ್ದರು. ಹಾಗಾದರೆ, ಆ ಉಕ್ಕಿನ ಅಟ್ಟಣೆಯ ಮೇಲೆ ತನ್ನ ಭಯವನ್ನು ಗೆದ್ದ ಹತ್ತೊಂಬತ್ತರ ಹುಡುಗನ ಧೈರ್ಯಕ್ಕೆ ಬೆಲೆ ಏನಾಯಿತು? ಅದು ಧೈರ್ಯವಲ್ಲವೆನ್ನಲು ನನ್ನ ನಾಲಗೆ ಏಳದು. ಅದು ಸಾಕೆನ್ನಲೂ ಏಳದು.

ಅಲ್ಜೀರಿಯದ ಕಥೆ ಇನ್ನೂ ಕಹಿ. ಫ್ರಾನ್ಸಿನ ಪ್ಯಾರಾಚೂಟ್ ದಳಗಳಲ್ಲಿಯೂ ಕಡ್ಡಾಯ ಸೇವೆಗೆ ಬಂದು ತಾವಾಗಿ ಧುಮುಕಲು ಒಪ್ಪಿದ ಹುಡುಗರಿದ್ದರು. 1957ರ ಜನವರಿಯಲ್ಲಿ ಅಲ್ಜಿಯರ್ಸ್ ನಗರವನ್ನು ಜನರಲ್ ಮಸ್ಸೂವಿನ ಹತ್ತನೆಯ ಪ್ಯಾರಾಚೂಟ್ ಡಿವಿಜನ್ನಿನ ಕೈಗೆ ಒಪ್ಪಿಸಿದರು. ಅಲ್ಲಿ ಸೆರೆಸಿಕ್ಕವರಿಗೆ ಚಿತ್ರಹಿಂಸೆ ಕೊಟ್ಟು ಬಾಯಿ ಬಿಡಿಸುವುದು ನಡೆಯಿತು. ಆಗ ಅದಾಗದೆಂದ ಸೇನಾನಿಗಳಲ್ಲಿ ಹೆಸರಾದವರು ಜನರಲ್ ಬೊಲಾರ್ದಿಯೇರ್. ಅವರೇನು ಭೀರುವೆ? 1944ರಲ್ಲಿ ಜರ್ಮನರ ಹಿಡಿತದಲ್ಲಿದ್ದ ನೆಲಕ್ಕೆ ಪ್ಯಾರಾಚೂಟಿನಲ್ಲಿ ಇಳಿದವರು. ಅವರು ತಮ್ಮ ಹೊಣೆಯಿಂದ ಬಿಡುಗಡೆ ಮಾಡಿರೆಂದು ಕೇಳಿದರು, ತಮ್ಮ ವಿರೋಧವನ್ನು ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಅರವತ್ತು ದಿನ ಕೋಟೆಯ ಸೆರೆ ಅನುಭವಿಸಿದರು. ಧುಮುಕಿದಾಗ ಜೊತೆಯವರೆಲ್ಲ ಅವರೊಡನಿದ್ದರು. ಇದು ಒಂಟಿಯಾಗಿ ಧುಮುಕಿದ ಜಿಗಿತ. ಯಾವ ಶಾಲೆಯೂ ಇದಕ್ಕೆ ತರಬೇತಿ ಕೊಟ್ಟಿರಲಿಲ್ಲ. ಯಾವ ರೆಕ್ಕೆಯ ಚಿಹ್ನೆಯೂ ಇದಕ್ಕೆ ಇಲ್ಲ.

ನಾಲ್ಕು ವರ್ಷಗಳ ಬಳಿಕ, 1961ರ ಏಪ್ರಿಲಿನಲ್ಲಿ, ನಾಲ್ವರು ಜನರಲ್ಲುಗಳು ಅಲ್ಜಿಯರ್ಸಿನಲ್ಲಿ ತಮ್ಮ ಸರಕಾರದ ವಿರುದ್ಧವೇ ಎದ್ದರು. ಬಂಡಾಯದ ಮುಂಚೂಣಿಯಲ್ಲಿ ನಿಂತದ್ದು ಸ್ವಂತ ಇಚ್ಛೆಯಿಂದ ಸೇರಿದ ಸಿಪಾಯಿಗಳ ಒಂದು ಪ್ಯಾರಾಚೂಟ್ ದಳ. 23ರಂದು ಅಧ್ಯಕ್ಷ ದ ಗಾಲ್ ಮಾಡಿದ ಭಾಷಣವನ್ನು ಕಡ್ಡಾಯ ಸೇವೆಯ ಹುಡುಗರು ಶಿಬಿರಗಳಲ್ಲಿ ಟ್ರಾನ್ಸಿಸ್ಟರ್ ರೇಡಿಯೋಗಳಿಗೆ ಕಿವಿಗೊಟ್ಟು ಕೇಳಿದರು. ಕೇಳಿ, ಬಂಡಾಯಗಾರರ ಅಪ್ಪಣೆ ನಡೆಸಲು ಹೆಚ್ಚಿನವರು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಬಂಡಾಯ ಕುಸಿಯಿತು. ಒತ್ತಾಯದಿಂದ ಬಂದವನೇ ಅಲ್ಲಿ ಸ್ವತಂತ್ರವಾಗಿ ಯೋಚಿಸಿದ. ಸ್ವತಂತ್ರವಾಗಿ ಬಂದವನು ತನ್ನ ದಳದ ಹೆಮ್ಮೆಗೆ ದಾಸನಾಗಿದ್ದ. ಸ್ವಇಚ್ಛೆ ಒಳ್ಳೆಯದು, ಒತ್ತಾಯ ಕೆಟ್ಟದ್ದು ಎಂಬ ಸುಲಭದ ಲೆಕ್ಕವನ್ನು ಈ ಒಂದು ಘಟನೆ ತಲೆಕೆಳಗು ಮಾಡಿಬಿಡುತ್ತದೆ.

ಈ ಎರಡು ಬಗೆಯ ಧೈರ್ಯ, ಧುಮುಕುವ ಧೈರ್ಯ ಮತ್ತು ಒಲ್ಲೆನೆನ್ನುವ ಧೈರ್ಯ, ಒಂದೇ ಎದೆಯಲ್ಲಿ ಇರಲಾರವೆ? ಇದ್ದ ಉದಾಹರಣೆ ಒಂದಿದೆ. ಅದನ್ನು ಓದಿದಾಗ ನನಗೆ ಆದ ಸಂತೋಷ ಸಣ್ಣದಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಕಡ್ಡಾಯದ ಕಾನೂನು ಕರೆದಾಗ, ಕೊಲ್ಲುವುದು ನಮ್ಮ ಧರ್ಮಕ್ಕೆ ವಿರುದ್ಧ, ಆಯುಧ ಮುಟ್ಟುವುದಿಲ್ಲ ಎಂದು ನ್ಯಾಯಮಂಡಲಿಯ ಮುಂದೆ ನಿಂತು ಹೇಳಿದವರಿದ್ದರು. ಅವರಲ್ಲಿ ಕೆಲವರನ್ನು ಆಯುಧವಿಲ್ಲದ ಕೆಲಸಗಳಿಗೆ ಹಾಕಿದರು. ಲೋಕ ಅವರನ್ನು ಹೇಡಿಗಳೆಂದಿತು. ಮುಂದೆ ಪ್ಯಾರಾಚೂಟ್ ವೈದ್ಯದಳಕ್ಕೆ ಜನ ಬೇಕಾದಾಗ ಇಂಥವರಲ್ಲೇ ಅನೇಕರು ಹೆಸರು ಕೊಟ್ಟರು. ಎಲ್ಲರಂತೆ ಪರೀಕ್ಷೆ ಗೆದ್ದರು, ಎಲ್ಲರಂತೆ ಬಲೂನಿನಿಂದ ಧುಮುಕಿದರು, ರೆಕ್ಕೆಯ ಚಿಹ್ನೆ ಪಡೆದರು. ಆ ಕಾಲದಲ್ಲಿ ಬ್ರಿಟಿಷ್ ಪ್ಯಾರಾಚೂಟ್ ಸಿಪಾಯಿಗೆ ಎರಡನೆಯ ಪ್ಯಾರಾಚೂಟು ಇರುತ್ತಿರಲಿಲ್ಲ. ಬೆನ್ನಿನದು ಬಿಚ್ಚದಿದ್ದರೆ ಮುಗಿಯಿತು. 1944ರ ಜೂನ್ 6ರ ಕತ್ತಲಲ್ಲಿ 224ನೆಯ ಪ್ಯಾರಾಚೂಟ್ ವೈದ್ಯದಳದೊಡನೆ ಅವರು ನಾರ್ಮಂಡಿಯ ಮೇಲೆ ಇಳಿದರು. ಸುತ್ತ ಗುಂಡು ಹಾರುತ್ತಿರುವಾಗ ಕೈಯಲ್ಲಿ ಬಂದೂಕಿಲ್ಲದೆ ಗಾಯಾಳುಗಳನ್ನು ಹೊತ್ತರು.

ಕಾನೂನು ಕೊಲ್ಲೆಂದಾಗ ಒಲ್ಲೆನೆಂದರು. ಕಾನೂನು ಕೇಳದಿದ್ದ ಸ್ಥಳಕ್ಕೆ ತಾವಾಗಿ ಹೋದರು. ಅವರ ಇಲ್ಲ ಎಂಬ ಮಾತಿಗೆ ಅರ್ಥ ಬಂದದ್ದು ಅವರ ಹೌದು ಎಂಬ ಮಾತಿನಿಂದ. ಹೌದಿಗೆ ತೂಕ ಬಂದದ್ದು ಆ ಇಲ್ಲದಿಂದ. ಗೀತೆ ದೈವೀ ಸಂಪತ್ತನ್ನು ಎಣಿಸುವಾಗ ಮೊಟ್ಟಮೊದಲು ಹೇಳುವುದು ಅಭಯವನ್ನು. ಮರುಶ್ಲೋಕದಲ್ಲೇ ಅಹಿಂಸೆ ಬರುತ್ತದೆ. ಎರಡೂ ಹೀಗೆ ಒಂದೇ ಪಂಕ್ತಿಯಲ್ಲಿ ಏಕೆ ಕೂತಿವೆ ಎಂಬುದು ಈ ಜನರ ಕಥೆ ಓದಿದಾಗ ನನಗೆ ಹೊಳೆಯಿತು.

ನಮ್ಮ ದೇಶದ ಮಾತಿಗೆ ಬರೋಣ. ಸ್ವತಂತ್ರ ಭಾರತದಲ್ಲಿ ಕಡ್ಡಾಯ ಸೈನಿಕ ಸೇವೆ ಎಂದೂ ಇರಲಿಲ್ಲ. ಸಂವಿಧಾನದ 23ನೆಯ ವಿಧಿ ಬೇಗಾರನ್ನು ನಿಷೇಧಿಸಿದರೂ, ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ವಿಧಿಸುವ ಅಧಿಕಾರವನ್ನು ರಾಜ್ಯಕ್ಕೆ ಉಳಿಸಿದೆ. 1976ರಲ್ಲಿ ಸೇರಿಸಿದ ಮೂಲ ಕರ್ತವ್ಯಗಳಲ್ಲಿ, ಕರೆ ಬಂದಾಗ ರಾಷ್ಟ್ರಸೇವೆ ಸಲ್ಲಿಸಬೇಕೆಂಬುದೂ ಒಂದು. ಚೀನದ ಯುದ್ಧದ ಬಳಿಕ 1963ರಲ್ಲಿ ಕಾಲೇಜು ಹುಡುಗರಿಗೆ ಎನ್‌ಸಿಸಿಯನ್ನು ಕಡ್ಡಾಯ ಮಾಡಿದರು. 1968ರಲ್ಲಿ ಮತ್ತೆ ಅವರವರ ಇಚ್ಛೆಗೆ ಬಿಟ್ಟರು. ನಮ್ಮ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ಅಲ್ಲಿಗೆ ಬರುವವನು ಎರಡು ಸಲ ಹೌದೆಂದವನು: ಸೈನ್ಯಕ್ಕೆ ಒಂದು ಸಲ, ಆಕಾಶಕ್ಕೆ ಇನ್ನೊಂದು ಸಲ. ಹೀಗಿರುವಾಗ, ಹುಡುಗರನ್ನು ದಾರಿಗೆ ತರಲು ಕಡ್ಡಾಯ ಬೇಕೆನ್ನುವ ಹಿರಿಯರಿಗೆ ಏನು ಹೇಳೋಣ?

ಕಡ್ಡಾಯವು ಶಿಸ್ತನ್ನು ಕೊಡಬಹುದು, ಗುಣವನ್ನು ಕೊಡಲಾರದು. ಗುಣ ಹುಟ್ಟುವುದು ಕಡ್ಡಾಯದೊಳಗೆ ಬಿಟ್ಟ ಆ ಸಣ್ಣ ಕೋಣೆಯಲ್ಲಿ. ಒಂದು ದೇಶ ತನ್ನ ಯುವಕರನ್ನು ಎಂದಾದರೂ ಒತ್ತಾಯದಿಂದ ಕರೆಯಬೇಕಾಗಿ ಬಂದರೆ, ಬರಲೂಬಹುದು, ಆಗ ಕೇಳಬೇಕಾದ ಪ್ರಶ್ನೆ ಎಷ್ಟು ತಿಂಗಳು ಎಂಬುದೊಂದೇ ಅಲ್ಲ. ಆ ಕೋಣೆಯನ್ನು ಎಷ್ಟು ದೊಡ್ಡದಾಗಿ ಕಟ್ಟಿದ್ದೀರಿ? ಅದರೊಳಗೆ ನಿಂತು ಒಲ್ಲೆನೆಂದವನನ್ನು ಹೇಗೆ ನಡೆಸಿಕೊಳ್ಳುತ್ತೀರಿ? ಕಾನೂನು ಅವನನ್ನು ಬಿಟ್ಟರೂ ನಾಚಿಕೆ ಬಿಡುವುದಿಲ್ಲ. ನಾಚಿಕೆಗೆ ಅಂಜಿ ಧುಮುಕಿದವನು ಅರಿಸ್ಟಾಟಲನ ಎಣಿಕೆಯಲ್ಲಿ ಬೆದರಿಕೆಗೆ ಅಂಜಿದವನಿಗಿಂತ ಮೇಲಿರಬಹುದು. ಆದರೂ ಅವನು ಪೂರಾ ಸ್ವತಂತ್ರನಲ್ಲ. ಮನೆ, ಕೇರಿ, ಕಾಲೇಜು, ಕಚೇರಿ, ಎಲ್ಲೆಲ್ಲಿ ನಾವು ಬೇರೆಯವರ ಒಪ್ಪಿಗೆ ಕೇಳುತ್ತೇವೆಯೋ ಅಲ್ಲೆಲ್ಲ ಇದನ್ನು ನೆನೆಯಬೇಕು. ಮಗನನ್ನು ಎಂಜಿನಿಯರಿಂಗಿಗೂ ಮಗಳನ್ನು ಮದುವೆಗೂ ‘ಒಪ್ಪಿಸುವ’ ನಾವು, ಇಲ್ಲವೆನ್ನಲು ಅವರಿಗೆ ಒಂದು ಬಾಗಿಲನ್ನಾದರೂ ತೆರೆದಿಟ್ಟಿದ್ದೇವೆಯೆ ಎಂದು ಕೇಳಿಕೊಳ್ಳಬೇಕು.

ಆಬಿಂಗ್‌ಡನ್ನಿನ ಬಲೂನು ಒಂದೊಂದು ಸಲ ಒಬ್ಬನನ್ನು ಹೊತ್ತುಕೊಂಡೇ ಕೆಳಗೆ ಬರುತ್ತಿತ್ತು. ಉಳಿದವರು ಆಗಲೇ ಹೊಲದಲ್ಲಿ ಇಳಿದು ನಗುತ್ತ ಬಟ್ಟೆ ಸುತ್ತುತ್ತಿರುತ್ತಿದ್ದರು. ತೊಟ್ಟಿಲು ನೆಲ ಮುಟ್ಟುವವರೆಗೆ ಅವನು ಶಿಕ್ಷಕನೊಡನೆ ನಿಂತಿರಬೇಕು. ಅವನ ಹೆಸರನ್ನು ಯಾವ ಕಂಬದ ಮೇಲೂ ಯಾರೂ ಕೆತ್ತುವುದಿಲ್ಲ. ಆದರೆ ಧುಮುಕಿದವರ ಜಿಗಿತವು ಬರಿಯ ಬೀಳುವಿಕೆಯಾಗದೆ ಧೈರ್ಯವೆನಿಸಿಕೊಂಡದ್ದು, ಧುಮುಕದೆ ಇಳಿಯಲು ಅವನಿಗೆ ದಾರಿ ಇದ್ದುದರಿಂದ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರ ಇಷ್ಟೆ.